ಅಡಿಕೆ ತೋಟದ ಊರಿಗೆ ಲೋಕದ ಸಿನಿಮಾ ತಂದವರು: ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ

ಜನ್ನಾಪುರ: ಜುಲೈ 16 ಬಂದ್ರೆ ನಮ್ಮ ಜಿಲ್ಲೆಯ ಒಬ್ಬ ದೊಡ್ಡ ಮನುಷ್ಯರ ಪುಣ್ಯತಿಥಿ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ತೀರಿಕೊಂಡಿದ್ದು 2005ರಲ್ಲಿ. ನೀನಾಸಂ ಅಂದ ಕೂಡಲೇ ಎಲ್ಲರಿಗೂ ನಾಟಕ ನೆನಪಾಗುತ್ತೆ. ತಿರುಗಾಟದ ವ್ಯಾನು, ಸ್ಕೂಲ್ ಮೈದಾನ, ಟಿಕೆಟ್ ಹಿಡ್ಕೊಂಡು ನಿಂತ ಜನ. ಆದರೆ ಈ ಸುಬ್ಬಣ್ಣ ಸಿನಿಮಾಕ್ಕೂ ಅಷ್ಟೇ ದೊಡ್ಡ ಕೆಲಸ ಮಾಡಿದ್ದಾರೆ ಅನ್ನೋದು ಭದ್ರಾವತಿ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ನಾವು ಸೋತ ಮೇಲೆ.

ಸೋತ ಕಥೆ ಮೊದಲು ಹೇಳಿಬಿಡ್ತೀನಿ, ಚಿಕ್ಕದು. ನಾವು ನಾಲ್ಕೈದು ಹುಡುಗರು ಸೇರಿ ಇಲ್ಲೇ ಒಂದು ಹಾಲ್‌ನಲ್ಲಿ ಮೂರು ದಿನ ಒಳ್ಳೆ ಸಿನಿಮಾ ತೋರಿಸಬೇಕು ಅಂತ ಹೊರಟಿದ್ವಿ. ಅಂಗಡಿ ಅಂಗಡಿ ಸುತ್ತಿ ಚಂದಾ ಎತ್ತಿದ್ವಿ. ಪ್ರೊಜೆಕ್ಟರ್ ಬಾಡಿಗೆ, ಸ್ಪೀಕರ್ ಬಾಡಿಗೆ, ಬ್ಯಾನರ್, ಟೀ ಖರ್ಚು. ಮೊದಲ ದಿನ ಬಂದವರು ಹನ್ನೊಂದು ಜನ, ಅದರಲ್ಲಿ ನಾವೇ ಐದು. ಹೊರದೇಶದ ಸಿನಿಮಾ, ಕೆಳಗೆ ಇಂಗ್ಲಿಷ್ ಅಕ್ಷರ ಓಡ್ತಾ ಇತ್ತು. ಅರ್ಧಕ್ಕೆ ನಾಲ್ಕು ಜನ ಎದ್ದು ಹೋದರು. ಎರಡನೇ ದಿನ ನಾವೇ ಬೀಗ ಹಾಕಿದ್ವಿ. ನಮ್ಮೂರಿನ ಜನಕ್ಕೆ ಟೇಸ್ಟ್ ಇಲ್ಲ ಅಂತ ಬೈಕೊಂಡು ಮನೆಗೆ ಹೋದ್ವಿ.

ಚಂದಾ ಕೊಟ್ಟ ಒಬ್ಬ ಹಿರಿಯ ಅಂಗಡಿಯವರು ಆಮೇಲೆ ಸಿಕ್ಕಾಗ, ಹೆಗ್ಗೋಡಿನ ಅಡಿಕೆ ಕೊಯ್ಲು ಮಾಡೋ ಜನ ಇಂಥದೇ ಸಿನಿಮಾ ನೋಡಿ ಅರ್ಥ ಮಾಡ್ಕೊಂಡಿದ್ರಲ್ಲ, ಅದು ಹೇಗೆ ಆಯ್ತು ತಿಳ್ಕೊಳ್ಳಿ ಅನ್ನೋ ಅರ್ಥದ ಮಾತು ಹೇಳಿದ್ರು. ಅಲ್ಲಿಂದ ಶುರುವಾಗಿದ್ದು ಈ ಬರಹ.

ತೋಟದ ಮನೆಯ ಹುಡುಗ

ಪೂರ್ತಿ ಹೆಸರು ಕುಂಟಗೋಡು ವಿಭೂತಿ ಸುಬ್ಬಣ್ಣ. ಹುಟ್ಟಿದ್ದು 1932ರ ಫೆಬ್ರವರಿ 20. ಸಾಗರದಿಂದ ಸ್ವಲ್ಪ ದೂರಕ್ಕೆ ಹೋದರೆ ಹೆಗ್ಗೋಡು, ಅದರ ಪಕ್ಕದ ಮುಂಡಿಗೇಸರದಲ್ಲಿ ಇವರ ಮನೆ. ಅಡಿಕೆ ಬೆಳೆಗಾರರ ಮನೆತನ. ನಮ್ಮ ಜನ್ನಾಪುರದಿಂದ ಹೊರಟರೆ ಶಿವಮೊಗ್ಗ, ಆನಂದಪುರ, ಸಾಗರ ದಾಟಿ ಹೆಚ್ಚುಕಡಿಮೆ ನೂರು ಕಿಲೋಮೀಟರ್.

1949ರಲ್ಲಿ ಊರಿನವರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಅಂತ ಒಂದು ಸಂಘ ಕಟ್ಟಿದರು. ಅದರ ಮೊದಲಕ್ಷರಗಳೇ ನೀನಾಸಂ. ಆಗ ಸುಬ್ಬಣ್ಣಂಗೆ ಹದಿನೇಳು ವರ್ಷ. ಹಗಲು ತೋಟದ ಕೆಲಸ, ಸಂಜೆ ನಾಟಕದ ತಾಲೀಮು. ಅಂಥ ಸಂಘಗಳು ಆಗ ಮಲೆನಾಡಿನ ಎಲ್ಲಾ ಊರಲ್ಲೂ ಇದ್ದವು, ಹಬ್ಬಕ್ಕೆ ಒಂದು ನಾಟಕ ಆಡಿ ಸುಮ್ಮನಾಗೋವು. ಇದೊಂದು ಸುಮ್ಮನಾಗಲಿಲ್ಲ.

ಓದಿದ್ದು ಮೈಸೂರಿನ ಮಹಾರಾಜ ಕಾಲೇಜು. ಕುವೆಂಪು ಅಲ್ಲಿದ್ದ ಕಾಲ. ಆ ಕಾಲದಲ್ಲಿ ಮಹಾರಾಜ ಕಾಲೇಜಿನ ಆನರ್ಸ್ ಡಿಗ್ರಿ ಇದ್ದವನಿಗೆ ಕೆಲಸ ಸಿಗೋದು ಕಷ್ಟ ಇರಲಿಲ್ಲ. ಮೇಷ್ಟ್ರಾಗಿ ಮೈಸೂರಲ್ಲೋ ಬೆಂಗಳೂರಲ್ಲೋ ಉಳೀಬಹುದಿತ್ತು. ಉಳೀಲಿಲ್ಲ, ವಾಪಸ್ ಊರಿಗೆ ಬಂದರು. ಡಿಗ್ರಿ ಅರ್ಧಕ್ಕೆ ಬಿಟ್ಟು ಊರಲ್ಲೇ ಉಳಿದ ನನ್ನಂಥವನಿಗೂ, ಡಿಗ್ರಿ ಮುಗಿಸಿ ಬೇಕಂತಲೇ ಊರಿಗೆ ಬಂದವರಿಗೂ ವ್ಯತ್ಯಾಸ ಇದೆ, ಒಪ್ತೀನಿ.

ಅದೇ ಹೊತ್ತಿಗೆ ಸಾಗರ ತಾಲೂಕು ಕುದೀತಾ ಇತ್ತು. 1951ರಲ್ಲಿ ಕಾಗೋಡು ಸತ್ಯಾಗ್ರಹ. ಗೇಣಿದಾರರು ಒಡೆಯರ ವಿರುದ್ಧ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಶಾಂತವೇರಿ ಗೋಪಾಲಗೌಡರ ಹೆಸರು ಮೇಲೆ ಬಂತು. ಸುಬ್ಬಣ್ಣನವರ ತಲೆಯೊಳಗೆ ಲೋಹಿಯಾ ವಿಚಾರ ಕೂತಿದ್ದು ಈ ಗಾಳಿಯಲ್ಲೇ. ದೆಹಲಿಗೋ ಬೆಂಗಳೂರಿಗೋ ಹೋದರೆ ಮಾತ್ರ ದೊಡ್ಡದು ಸಿಗುತ್ತೆ ಅನ್ನೋದನ್ನ ಅವರು ಒಪ್ಪಲಿಲ್ಲ. ಒಳ್ಳೇದು ಇದ್ರೆ ಅದು ಹಳ್ಳಿಗೂ ಬರಬೇಕು, ಹಳ್ಳಿಯವನ ಭಾಷೆಯಲ್ಲೇ ಬರಬೇಕು. ಮುಂದೆ ಅವರು ಮಾಡಿದ ಎಲ್ಲಾ ಕೆಲಸಕ್ಕೂ ಬೇರು ಇದೇ ಅಂತ ನನಗನ್ಸುತ್ತೆ. ಅಕ್ಷರ ಪ್ರಕಾಶನ ಅಂತ ಪುಸ್ತಕ ಸಂಸ್ಥೆ ಶುರು ಮಾಡಿ, ಅದನ್ನ ಹಳ್ಳಿಯಿಂದಲೇ ನಡೆಸಿದರು. ಕನ್ನಡದ ದೊಡ್ಡ ದೊಡ್ಡ ಲೇಖಕರ ಪುಸ್ತಕದ ಮೇಲೆ ಹೆಗ್ಗೋಡು, ಸಾಗರ ಅಂತ ವಿಳಾಸ ಬಿತ್ತು.

1972ರಲ್ಲಿ ಹೆಗ್ಗೋಡಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು. ಕೆಲವೇ ನೂರು ಮಂದಿ ಇರೋ ಊರಿಗೆ ಜಿಲ್ಲಾ ಕೇಂದ್ರಕ್ಕೆ ಸಾಲುವಂಥ ರಂಗಮಂದಿರ. ಅದು ಸಿನಿಮಾಕ್ಕೂ ಮನೆಯಾಯ್ತು.

ಚಿತ್ರಸಮಾಜ

1973ರಲ್ಲಿ ನೀನಾಸಂ ಚಿತ್ರಸಮಾಜ ಅಂತ ಫಿಲ್ಮ್ ಸೊಸೈಟಿ ಹುಟ್ಟಿತು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಫಿಲ್ಮ್ ಸೊಸೈಟಿ ಅಂದ್ರೆ ಏನು ಅಂತ ಈಗಿನ ನಮ್ಮ ವಯಸ್ಸಿನವರಿಗೆ ಗೊತ್ತಿಲ್ಲ.

ಆಗ ಮೊಬೈಲ್ ಇಲ್ಲ, ಸಿ.ಡಿ. ಇಲ್ಲ, ವಿಡಿಯೋ ಕ್ಯಾಸೆಟ್ಟೂ ಇಲ್ಲ. ಟಾಕೀಸಲ್ಲಿ ಏನು ಬಂತೋ ಅದೇ ಸಿನಿಮಾ. ಜಪಾನಿನದ್ದೋ ಇಟಲಿಯದ್ದೋ ಸಿನಿಮಾ ನೋಡಬೇಕು ಅಂದ್ರೆ ಒಂದೇ ದಾರಿ, ನೂರಿನ್ನೂರು ಜನ ಸೇರಿ ಸೊಸೈಟಿ ಮಾಡ್ಕೊಂಡು, ಸದಸ್ಯತ್ವದ ದುಡ್ಡು ಹಾಕ್ಕೊಂಡು, ಪ್ರಿಂಟ್ ತರಿಸಿ ತಾವೇ ತೋರಿಸ್ಕೊಳ್ಳೋದು. ಕೊಲ್ಕತ್ತದಲ್ಲಿ ಸತ್ಯಜಿತ್ ರಾಯ್ ಮತ್ತು ಗೆಳೆಯರು 1947ರಲ್ಲೇ ಇದನ್ನ ಶುರು ಮಾಡಿದ್ದರು. ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಲ್ಲಿ ಬಂತು. ಎಲ್ಲಾ ಪೇಟೆಯ ಕೆಲಸ. ಇಂಗ್ಲಿಷ್ ಬಲ್ಲವರು, ಆಫೀಸಲ್ಲಿ ಇರೋರು, ಕಾಲೇಜು ಮೇಷ್ಟ್ರುಗಳು ಸೇರಿ ಮಾಡ್ತಿದ್ದ ಕೆಲಸ. ಬೆಂಗಳೂರಿಗೆ ಸೊಸೈಟಿ ಬಂದ ಎರಡೇ ವರ್ಷಕ್ಕೆ ಹೆಗ್ಗೋಡಿಗೂ ಬಂತು ಅನ್ನೋದನ್ನ ಗಮನಿಸಿ.

ಪ್ರಿಂಟ್ ಎಲ್ಲಿಂದ? ಪುಣೆಯಿಂದ. ಅಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಶುರುವಾಗಿತ್ತು, ಅದನ್ನ ಕಟ್ಟಿದವರು ಪಿ.ಕೆ. ನಾಯರ್. ಬೇರೆ ಅಧಿಕಾರಿ ಆಗಿದ್ರೆ ಫಿಲ್ಮ್ ಡಬ್ಬಕ್ಕೆ ಬೀಗ ಹಾಕಿ ಕಾಯ್ತಾ ಕೂರ್ತಿದ್ದರು. ನಾಯರ್ ಹಾಗಲ್ಲ. ಸಿನಿಮಾ ಉಳಿಸೋದು ತೋರಿಸೋಕೆ ಅಂತ ನಂಬಿದವರು. ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಸಿನಿಮಾ ರಸಗ್ರಹಣ ಕಲಿಸ್ತಿದ್ದ ಪ್ರೊಫೆಸರ್ ಸತೀಶ್ ಬಹಾದ್ದೂರ್ ಇನ್ನೊಬ್ಬರು. ಈ ಇಬ್ಬರನ್ನೂ ಸುಬ್ಬಣ್ಣ ಹೆಗ್ಗೋಡಿನ ನೆಂಟರನ್ನಾಗಿ ಮಾಡ್ಕೊಂಡರು.

ಪ್ರಿಂಟು ಅಂದ್ರೆ 16 ಎಂಎಂ ರೀಲು. ಟಾಕೀಸಿನ 35 ಎಂಎಂ ರೀಲಿಗಿಂತ ಅಗಲ ಅರ್ಧಕ್ಕಿಂತ ಕಮ್ಮಿ, ಭಾರ ಕಮ್ಮಿ, ಬೆಂಕಿ ಹತ್ತಿ ಉರಿಯೋ ಜಾತಿಯ ಫಿಲ್ಮ್ ಅಲ್ಲ. ಪ್ರೊಜೆಕ್ಟರನ್ನ ಇಬ್ಬರು ಎತ್ತಿ ಬಸ್ಸಿನ ಮೇಲೆ ಇಡಬಹುದು. ಒಂದು ದೊಡ್ಡ ರೀಲು ಓಡೋದು ಮುಕ್ಕಾಲು ಗಂಟೆಗೆ ಸ್ವಲ್ಪ ಕಮ್ಮಿ. ಒಂದೇ ಪ್ರೊಜೆಕ್ಟರ್ ಇದ್ದಲ್ಲಿ ರೀಲು ಮುಗಿದ ಕೂಡಲೇ ಲೈಟು, ಇನ್ನೊಂದು ರೀಲು ಹಾಕೋತನಕ ಕಾಯಬೇಕು. ಮಳೆಗಾಲದಲ್ಲಿ ಮಲೆನಾಡಿನ ಕರೆಂಟು ಹೇಗಿರುತ್ತೆ ಅಂತ ನಾನು ಹೇಳಬೇಕಿಲ್ಲ. ಶರಾವತಿಯಿಂದ ಇಡೀ ರಾಜ್ಯಕ್ಕೆ ಕರೆಂಟು ಕೊಟ್ಟ ತಾಲೂಕಲ್ಲಿ ಲೈಟು ಹೋಗೋದು ಹಳೇ ಜೋಕು.

ಇನ್ನು ಭಾಷೆ. ಕುರೊಸಾವಾನ ರಶೋಮನ್ ಜಪಾನೀ ಭಾಷೆ. ಡಿ ಸಿಕಾನ ಬೈಸಿಕಲ್ ಥೀವ್ಸ್ ಇಟಲಿ ಭಾಷೆ. ರಾಯ್ ಅವರ ಪಥೇರ್ ಪಾಂಚಾಲಿ ಬಂಗಾಳಿ. ಕೆಳಗೆ ಇಂಗ್ಲಿಷ್ ಸಾಲು. ನೋಡೋಕೆ ಬಂದವರಲ್ಲಿ ಕನ್ನಡ ಓದೋದೇ ಕಷ್ಟ ಇದ್ದವರೂ ಇದ್ದರು. ನಾವು ಜನ್ನಾಪುರದಲ್ಲಿ ಬಿದ್ದಿದ್ದು ಇದೇ ಹಳ್ಳಕ್ಕೆ. ಸುಬ್ಬಣ್ಣ ಬೀಳಲಿಲ್ಲ. ಸಿನಿಮಾಕ್ಕೆ ಮೊದಲು ಕನ್ನಡದಲ್ಲಿ ಅದರ ಪರಿಚಯ ಆಗಬೇಕು, ಇದು ಅವರ ಕ್ರಮ. ಏನು ಕಥೆ, ಯಾವ ದೇಶ, ಆ ದೇಶದಲ್ಲಿ ಆಗ ಏನು ನಡೀತಿತ್ತು. ಸಿನಿಮಾ ಮುಗಿದ ಮೇಲೆ ಮಾತುಕತೆ. ಸಿನಿಮಾ ನೋಡೋದು ಹೇಗೆ ಅನ್ನೋದರ ಬಗ್ಗೆ ಅವರೇ ಕನ್ನಡದಲ್ಲಿ ಬರೆದರು.

ನಾನು ಒಂದು ಯೋಚನೆ ಮಾಡಿದೆ. ಕಥೆ ಮೊದಲೇ ಹೇಳಿಬಿಟ್ರೆ ಸಿನಿಮಾದ ಮಜಾ ಹೋಗಲ್ವಾ? ನಮ್ಮ ಕಾಲದ ಲೆಕ್ಕದಲ್ಲಿ ಅದು ದೊಡ್ಡ ಅಪರಾಧ. ಆದರೆ ಮಲೆನಾಡಿನವನು ಯಕ್ಷಗಾನ ನೋಡಿ ಬೆಳೆದವನು. ಕೃಷ್ಣ ಗೆಲ್ತಾನೆ, ಕರ್ಣ ಸಾಯ್ತಾನೆ ಅಂತ ಗೊತ್ತಿದ್ದೇ ರಾತ್ರಿಯೆಲ್ಲಾ ಕೂತ್ಕೊಳ್ತಾನೆ. ಕಥೆ ಗೊತ್ತಿದ್ರೆ ಅವನಿಗೆ ಅಡ್ಡಿ ಇಲ್ಲ. ಹೇಗೆ ಆಡ್ತಾರೆ ಅನ್ನೋದನ್ನ ನೋಡೋಕೆ ಬರ್ತಾನೆ. ಸುಬ್ಬಣ್ಣನಿಗೆ ತನ್ನ ಊರಿನ ಪ್ರೇಕ್ಷಕ ಯಾರು ಅಂತ ಗೊತ್ತಿತ್ತು. ನಮಗೆ ನಮ್ಮ ಪ್ರೇಕ್ಷಕ ಯಾರು ಅಂತ ಗೊತ್ತಿರಲಿಲ್ಲ.

ಇನ್ನೂ ಒಂದು ವಿಷಯ. ಈ ಸಿನಿಮಾಗಳು ಹೆಸರಿಗೆ ಮಾತ್ರ ದೂರದವು. ಪಥೇರ್ ಪಾಂಚಾಲಿಯಲ್ಲಿ ಹಳ್ಳಿ ಮನೆ, ಸೋರೋ ಮಾಡು, ಊಟಕ್ಕೆ ಭಾರ ಅನ್ನಿಸ್ಕೊಂಡ ಮುದುಕಿ, ಮಳೇಲಿ ನೆಂದು ಜ್ವರ ಬಂದ ಹುಡುಗಿ, ದೂರದಲ್ಲಿ ಹೋಗೋ ರೈಲು. ಮಲೆನಾಡಿನ ಯಾವ ಮನೆಗೆ ಇದು ಹೊಸದು? ರಶೋಮನ್‌ನಲ್ಲಿ ಒಂದೇ ಕೊಲೆಗೆ ಒಬ್ಬೊಬ್ಬರು ಒಂದೊಂದು ಸಾಕ್ಷಿ ಹೇಳ್ತಾರೆ. ಗೇಣಿ ಕೇಸು, ಗಡಿ ಕೇಸು ಅಂತ ಕೋರ್ಟು ಅಲೆದವರಿಗೆ ಅದನ್ನ ಬಿಡಿಸಿ ಹೇಳಬೇಕಾ? ಬೈಸಿಕಲ್ ಥೀವ್ಸ್ ಅಂತೂ ನಮ್ಮ ಭದ್ರಾವತಿಯಲ್ಲೇ ನಡೆದಂತಿದೆ. ಕೆಲಸ ಇಲ್ಲದವನಿಗೆ ಪೋಸ್ಟರ್ ಅಂಟಿಸೋ ಕೆಲಸ ಸಿಗುತ್ತೆ, ಆದರೆ ಸೈಕಲ್ ಇರಬೇಕು. ಹೆಂಡತಿ ಮನೆಯ ಬೆಡ್‌ಶೀಟ್ ಅಡ ಇಟ್ಟು ಸೈಕಲ್ ಬಿಡಿಸ್ತಾಳೆ. ಮೊದಲ ದಿನವೇ ಸೈಕಲ್ ಕಳುವು. ಎಂಪಿಎಂ ನಿಂತ ಮೇಲೆ, ವಿಐಎಸ್‌ಎಲ್ ಗುತ್ತಿಗೆ ಕೆಲಸ ಇವತ್ತಿದೆ ನಾಳೆ ಇಲ್ಲ ಅನ್ನೋ ಹಾಗಾದ ಮೇಲೆ ಇಲ್ಲಿನ ಎಷ್ಟು ಮನೆಯ ಕಥೆ ಇದು. 1948ರ ಇಟಲಿ ಸಿನಿಮಾ ಅಂತ ನಾವು ಬ್ಯಾನರ್ ಹಾಕಿದ್ರೆ ಯಾರು ಬರ್ತಾರೆ?

ಹಬ್ಬದಿಂದ ಶಿಬಿರಕ್ಕೆ

ಬರೀ ತೋರಿಸಿದ್ರೆ ಸಾಲದು ಅಂತ ಅವರಿಗೆ ಬೇಗ ತಿಳೀತು. ಎಪ್ಪತ್ತರ ದಶಕದ ಕೊನೆ ಹೊತ್ತಿಗೆ ಚಿತ್ರೋತ್ಸವದ ಜೊತೆ ಸಿನಿಮಾ ರಸಗ್ರಹಣ ಶಿಬಿರ ಶುರುವಾಯ್ತು. ಸತೀಶ್ ಬಹಾದ್ದೂರ್, ನಾಯರ್ ಪುಣೆಯಿಂದ ರೀಲಿನ ಜೊತೆ ತಾವೂ ಬಂದರು. ರಾಜ್ಯದ ಮೂಲೆಮೂಲೆಯಿಂದ ಮೇಷ್ಟ್ರುಗಳು, ಗುಮಾಸ್ತರು, ಕಾಲೇಜು ಹುಡುಗರು, ನಾಟಕದ ಹುಚ್ಚಿನವರು ಬಂದರು. ಊಟ ಅಲ್ಲೇ, ಮಲಗೋದು ಅಲ್ಲೇ. ಬೆಳಗ್ಗೆ ಪಾಠ, ಒಂದೇ ದೃಶ್ಯವನ್ನ ಬಿಡಿಸಿ ನೋಡೋದು, ಕ್ಯಾಮೆರಾ ಎಲ್ಲಿದೆ, ಯಾಕೆ ಅಲ್ಲಿದೆ, ರಾತ್ರಿ ಪೂರ್ತಿ ಸಿನಿಮಾ. ಪುಣೆಯಲ್ಲಿ ಇಂಗ್ಲಿಷಲ್ಲಿ ನಡೀತಿದ್ದ ಪಾಠ ಹೆಗ್ಗೋಡಲ್ಲಿ ಕನ್ನಡದಲ್ಲಿ ಸಿಗೋ ಹಾಗಾಯ್ತು.

ಇಷ್ಟಕ್ಕೆಲ್ಲಾ ಕೆಲಸ ಮಾಡಿದ್ದು ಯಾರು? ಸಂಘದವರೇ, ಊರವರೇ. ಇವೆಂಟ್ ಮ್ಯಾನೇಜ್‌ಮೆಂಟ್ ಅನ್ನೋ ಹೆಸರೇ ಹುಟ್ಟಿರದ ಕಾಲ. ನಾಟಕಕ್ಕೆ ಪರದೆ ಕಟ್ಟಿ ಅಭ್ಯಾಸ ಇದ್ದವರಿಗೆ ಸಿನಿಮಾಕ್ಕೆ ಬಿಳಿ ಪರದೆ ಕಟ್ಟೋದು ಹೊಸದಲ್ಲ. ಇದು ನಮ್ಮಂಥವರು ಗಮನಿಸಬೇಕಾದ್ದು ಅನ್ಸುತ್ತೆ. ಸುಬ್ಬಣ್ಣ ಚಿತ್ರೋತ್ಸವಕ್ಕೆ ಅಂತ ಹೊಸದಾಗಿ ಹುಡುಗರನ್ನ ಸೇರಿಸಲಿಲ್ಲ. ಅಷ್ಟೊತ್ತಿಗೆ ಸಂಘಕ್ಕೆ ಇಪ್ಪತ್ತನಾಲ್ಕು ವರ್ಷ ಆಗಿತ್ತು. ಜಗಳ, ರಾಜಿ, ಸಾಲ, ಲೆಕ್ಕಪತ್ರ ಎಲ್ಲಾ ಕಂಡ ಸಂಘ ಅದು. ನಮ್ಮದು ವಾಟ್ಸಾಪ್ ಗ್ರೂಪಲ್ಲಿ ಎರಡು ವಾರದಲ್ಲಿ ಹುಟ್ಟಿ ಎರಡು ದಿನದಲ್ಲಿ ಸತ್ತಿದ್ದು.

1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಶುರುವಾಯ್ತು, 1985ರಲ್ಲಿ ತಿರುಗಾಟ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡ್ತೀನಿ. ಇವೆರಡರ ನಡುವೆ, 1983ರಿಂದ 85ರತನಕ ನಡೆದ ಜನಸ್ಪಂದನ ಅನ್ನೋ ಯೋಜನೆ ನಮ್ಮ ವಿಷಯಕ್ಕೆ ಹತ್ತಿರದ್ದು. ಹೆಗ್ಗೋಡಲ್ಲಿ ಆಗಿದ್ದು ಬೇರೆ ಊರಲ್ಲೂ ಆಗಬೇಕು ಅಂತ ನಾಟಕ ಮತ್ತು ಸಿನಿಮಾ ಎರಡನ್ನೂ ಹೊತ್ತು ಕರ್ನಾಟಕದ ಹಳ್ಳಿ, ಸಣ್ಣ ಪೇಟೆಗಳಿಗೆ ಹೋದರು. ದುಡ್ಡು ಕೊಟ್ಟಿದ್ದು ಅಮೆರಿಕದ ಫೋರ್ಡ್ ಫೌಂಡೇಶನ್. ಲೋಹಿಯಾ ಹೆಸರು ಹೇಳೋರು ಅಮೆರಿಕದ ದುಡ್ಡು ತಗೋಬಹುದಾ ಅನ್ನೋ ತಕರಾರೂ ಎದ್ದಿತು. ಆ ತಕರಾರು ಸುಳ್ಳು ಅಂತ ನಾನು ಹೇಳಲ್ಲ. ಸ್ವಂತ ಕಾಲ ಮೇಲೆ ನಿಂತ ಸಂಘಕ್ಕೆ ಹೊರಗಿನ ದುಡ್ಡು ಬಂದಾಗ ಪ್ರಶ್ನೆ ಬರಲೇಬೇಕು. ಆದರೆ ಪ್ರೊಜೆಕ್ಟರ್, ಪ್ರಿಂಟು, ವ್ಯಾನು, ಡೀಸೆಲ್ಲಿನ ಖರ್ಚು ಕೈಯಿಂದ ಹಾಕಿ ನೋಡಿದವನಿಗೆ ಸುಬ್ಬಣ್ಣನ ಕಷ್ಟವೂ ಕಾಣುತ್ತೆ. ಯೋಜನೆ ಮುಗೀತು, ದುಡ್ಡು ನಿಂತಿತು, ಸಂಘ ನಿಲ್ಲಲಿಲ್ಲ. ನನ್ನ ಮಟ್ಟಿಗೆ ಅದು ಒಂದು ಉತ್ತರ.

ಇದೇ ಮನೆತನದ ಇನ್ನೊಂದು ಹೆಸರು ನಮ್ಮ ಜಿಲ್ಲೆಯ ಗಿರೀಶ್ ಕಾಸರವಳ್ಳಿ. ತೀರ್ಥಹಳ್ಳಿ ತಾಲೂಕಿನವರು, ಸುಬ್ಬಣ್ಣ ಇವರಿಗೆ ಸೋದರಮಾವ. ಪುಣೆಯಲ್ಲಿ ಸಿನಿಮಾ ಕಲಿತು ಬಂದು 1977ರಲ್ಲಿ ಘಟಶ್ರಾದ್ಧ ಮಾಡಿದರು, ಸ್ವರ್ಣಕಮಲ ಬಂತು. ಮಾವನಿಂದಲೇ ಅಳಿಯ ಹಾಗಾದ ಅಂತ ಬರೆಯೋದು ಸುಲಭ, ಅದು ಸರಿಯಲ್ಲ. ಒಂದು ಜಿಲ್ಲೆಯಲ್ಲಿ ಸಿನಿಮಾ ಮಾಡೋರೂ ನೋಡೋರೂ ಒಂದೇ ಕಾಲಕ್ಕೆ ತಯಾರಾದರು ಅಂತ ಹೇಳಿದ್ರೆ ಸಾಕು.

1991ರಲ್ಲಿ ಸುಬ್ಬಣ್ಣನವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮನಿಲಾದವರು ಹೆಗ್ಗೋಡಿನ ಹೆಸರು ಓದಿದರು. ಅವರ ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು ಪುಸ್ತಕಕ್ಕೆ 2003ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಷ್ಟಾದರೂ ಅವರು ಊರು ಬಿಡಲಿಲ್ಲ.

ಟಿ.ವಿ. ಬಂದ ಮೇಲೆ

ಎಂಬತ್ತರ ದಶಕದಲ್ಲಿ ಮನೆಮನೆಗೆ ಟಿ.ವಿ. ಬಂತು, ಹಿಂದೇನೇ ವಿಡಿಯೋ ಕ್ಯಾಸೆಟ್. ದೇಶದ ತುಂಬಾ ಫಿಲ್ಮ್ ಸೊಸೈಟಿಗಳು ಸೊರಗಿದವು. 16 ಎಂಎಂ ರೀಲೂ ಮೂಲೆ ಸೇರಿತು. ಹೆಗ್ಗೋಡಿನ ಸಿನಿಮಾ ಶಿಬಿರವೂ ಇದ್ದ ಹಾಗೇ ಉಳೀಲಿಲ್ಲ, ಕ್ರಮೇಣ ಸಂಸ್ಕೃತಿ ಶಿಬಿರ ಆಯ್ತು. ಸಾಹಿತ್ಯ, ನಾಟಕ, ಸಂಗೀತ, ಸಮಾಜದ ವಿಚಾರ ಎಲ್ಲಾ ಸೇರಿದ ಶಿಬಿರ, ಸಿನಿಮಾ ಅದರಲ್ಲಿ ಒಂದು. ಯು.ಆರ್. ಅನಂತಮೂರ್ತಿಯಂಥವರು ವರ್ಷ ವರ್ಷ ಬಂದು ಪಾಠ ಹೇಳಿದರು. ಸಿನಿಮಾದವರಿಗೆ ಇದು ನಷ್ಟ ಅನ್ನಿಸಬಹುದು. ನನಗೂ ಸ್ವಲ್ಪ ಹಾಗೇ ಅನ್ಸುತ್ತೆ. ಬರೀ ಸಿನಿಮಾಕ್ಕೆ ಅಂತ ಒಂದು ಹಳ್ಳಿ ಹತ್ತು ದಿನ ಕೂರೋದು ಮತ್ತೆ ಎಲ್ಲೂ ಆಗಲಿಲ್ಲ. ಆದರೆ ಸುಬ್ಬಣ್ಣನಿಗೆ ಸಿನಿಮಾ ಅನ್ನೋದು ಬೇರೆ ಖಾತೆ ಆಗಿರಲಿಲ್ಲ. ನಾಟಕ, ಪುಸ್ತಕ, ಸಿನಿಮಾ, ಊರಿನ ರಾಜಕೀಯ ಎಲ್ಲಾ ಒಂದೇ ಖಾತೆ.

ಅವರು ಹೋಗಿ ಏಳು ವರ್ಷದ ಮೇಲೆ, 2012ರಲ್ಲಿ, ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅನ್ನೋರು ಪಿ.ಕೆ. ನಾಯರ್ ಬಗ್ಗೆ ಸೆಲ್ಯುಲಾಯ್ಡ್ ಮ್ಯಾನ್ ಅಂತ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಕ್ಯಾಮೆರಾ ಹೆಗ್ಗೋಡಿಗೂ ಬರುತ್ತೆ. ಹಳ್ಳಿಯ ಸಾಮಾನ್ಯ ಜನ ತಾವು ಎಷ್ಟೋ ವರ್ಷದ ಹಿಂದೆ ನೋಡಿದ ಲೋಕದ ಸಿನಿಮಾಗಳನ್ನ ನೆನೆಸ್ಕೊಳ್ತಾರೆ. ನಾನು ಅದನ್ನ ಮೊಬೈಲಲ್ಲಿ ರಾತ್ರಿ ಹನ್ನೆರಡು ಗಂಟೆಗೆ ನೋಡಿದೆ. ಆ ಜನರ ಮುಖ ನೋಡಿ ಸ್ವಲ್ಪ ನಾಚಿಕೆ ಆಯ್ತು. ನಮ್ಮೂರಿನ ಜನಕ್ಕೆ ಟೇಸ್ಟ್ ಇಲ್ಲ ಅಂತ ನಾವು ಬೈಕೊಂಡಿದ್ದು ನೆನಪಾಯ್ತು.

ಸುಬ್ಬಣ್ಣ ತೀರಿಕೊಂಡಾಗ 73 ವರ್ಷ. ಜುಲೈ ತಿಂಗಳು, ಮಲೆನಾಡಿನ ಜಡಿಮಳೆ ಕಾಲ. ಆಮೇಲೆ ಮಗ ಕೆ.ವಿ. ಅಕ್ಷರ ಮತ್ತು ಸಂಘದವರು ಕೆಲಸ ಮುಂದುವರಿಸಿದರು. ಅಕ್ಟೋಬರ್ ಹೊತ್ತಿನ ಸಂಸ್ಕೃತಿ ಶಿಬಿರಕ್ಕೆ ಹೊರಗಿನಿಂದ ಜನ ಬರೋದು ರೂಢಿಯಾಗಿ ಉಳೀತು. ಭದ್ರಾವತಿಯಿಂದ ಹೋಗೋರು ಸಾಗರಕ್ಕೆ ರೈಲಲ್ಲೇ ಹೋಗಬಹುದು, ತಾಳಗುಪ್ಪದ ಗಾಡಿ ಹಿಡೀಬೇಕು, ಸಾಗರದಿಂದ ಬಸ್ಸು.

ನಮ್ಮ ವಿಷಯ. ಚಂದಾ ಕೊಟ್ಟ ಅಂಗಡಿಯವರಿಗೆಲ್ಲಾ ಲೆಕ್ಕ ಕೊಡೋದು ಬಾಕಿ ಇತ್ತು, ಹೋದ ವಾರ ಚೀಟಿ ಮಾಡಿ ಕೊಟ್ಟು ಬಂದ್ವಿ. ಉಳಿದಿರೋದು ನಾನೂರ ಇಪ್ಪತ್ತು ರೂಪಾಯಿ. ಇನ್ನೊಂದು ಸಲ ಮಾಡೋದಾದ್ರೆ ಮೂರು ದಿನ ಬೇಡ, ಒಂದೇ ಸಂಜೆ, ಒಂದೇ ಸಿನಿಮಾ ಅಂತ ಮಾತಾಡ್ಕೊಂಡಿದ್ದೀವಿ. ಸೈಕಲ್ ಕಳ್ಕೊಂಡವನ ಕಥೆಯೇ ಆಗಲಿ ಅಂತ ನನ್ನ ಆಸೆ. ಸಿನಿಮಾಕ್ಕೆ ಮೊದಲು ಹತ್ತು ನಿಮಿಷ ಕಥೆಯನ್ನ ಕನ್ನಡದಲ್ಲಿ ಹೇಳಬೇಕು. ಅದನ್ನ ಹೇಳೋಕೆ ಫ್ಯಾಕ್ಟರಿಯಿಂದ ರಿಟೈರ್ ಆದ ಒಬ್ಬರನ್ನ ಕೇಳಿದ್ದೀವಿ. ಅವರು ಮೊದಲು ಸಿನಿಮಾ ನೋಡಬೇಕು ಅಂದಿದ್ದಾರೆ, ಪೆನ್‌ಡ್ರೈವಲ್ಲಿ ಹಾಕಿ ಕೊಟ್ಟಿದ್ದೀವಿ.